ಜಿಪ್ಸಿಗೆ ಲೋ ಬೀಳುತ್ತಿಲ್ಲ

ಗಾಡಿ: ಮಾರುತಿ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್, ಐದು ಗೇರ್. ಇರುವುದು ಅಂಕೋಲಾ ಬದಿಯ ಕರಾವಳಿಯಲ್ಲಿ. ಬೇಸಿಗೆಯಲ್ಲಿ ಮರಳಿನ ಮೇಲೆ ದೋಣಿ ಎಳೆಯುವುದು, ಮಳೆಗಾಲದಲ್ಲಿ ಘಟ್ಟ ಹತ್ತಿ ಶಿರಸಿ ಕಡೆಯ ತೋಟಕ್ಕೆ ಗೊಬ್ಬರ, ಸೊಪ್ಪು ಹೊರುವುದು. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಕೆಂಪು ಮಣ್ಣಿನ ರಾಡಿ. ಎರಡನ್ನೂ ತಿಂದ ಗಾಡಿ.

ದೂರು ಫೋರ್‌ವೀಲ್ ಕೋಲಿನದು (2ಎಚ್: ಹಿಂದಿನ ಎರಡು ಚಕ್ರದ ಮಾಮೂಲಿ ಓಟ; 4ಎಚ್: ನಾಲ್ಕೂ ಚಕ್ರ; 4ಎಲ್: ನಾಲ್ಕೂ ಚಕ್ರಕ್ಕೆ ನಿಧಾನದ, ಬಲ ಜಾಸ್ತಿಯ ಲೋ). 2ಎಚ್‌ನಿಂದ 4ಎಚ್ ಸಲೀಸು. 4ಎಚ್‌ನಿಂದ ನ್ಯೂಟ್ರಲ್‌ಗೆ ಬಿಗಿ. ಅಲ್ಲಿಂದ 4ಎಲ್ ಬೀಳುವುದಿಲ್ಲ, ಕೋಲು ಬೆರಳು ದಪ್ಪದಷ್ಟು ಹಿಂದೆಯೇ ನಿಲ್ಲುತ್ತದೆ. ಎರಡು ಸಲ ಹೇಗೋ ಬಿದ್ದದ್ದು, ತೋಟದ ಏರಿನಲ್ಲಿ ತಾನಾಗಿ ನ್ಯೂಟ್ರಲ್‌ಗೆ ಹಾರಿದೆ.

ಇಂಥ ದೂರು ಬಂದಾಗ ಸಾಮಾನ್ಯವಾಗಿ ಮೊದಲು ಕೇಳುವ ಮಾತು "ಬಾಕ್ಸ್ ಇಳಿಸಬೇಕು". ಬಾಕ್ಸ್ ಅಂದರೆ ಇಲ್ಲಿ ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸಿನ ಬಲವನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ, ಹೈ-ಲೋ ಬದಲಿಸುವ ಪೆಟ್ಟಿಗೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಇಳಿಸುವುದು ದೊಡ್ಡ ಕೆಲಸವಲ್ಲ, ತೊಂದರೆ ಇರುವುದೇ ಅಲ್ಲಿ. ಸುಲಭ ಅಂತ ಇಳಿಸಿಬಿಡುತ್ತಾರೆ, ಒಳಗೆ ಹಲ್ಲೆಲ್ಲ ನೆಟ್ಟಗಿರುತ್ತದೆ, ಸೀಲು ಬೇರಿಂಗು ಹೊಸದು ಹಾಕಿ ಏರಿಸಿದ ಮೇಲೂ ಕೋಲು ಹಿಂದೆ ನಿಂತಲ್ಲೇ ನಿಲ್ಲುತ್ತದೆ. ವರ್ಷಕ್ಕೆ ಕೆಲವೇ ಗಂಟೆ ಕೆಲಸ ಮಾಡುವ ಲೋ ಹಲ್ಲು ಅಷ್ಟು ಬೇಗ ಸವೆಯುವುದಿಲ್ಲ. ಕೈಯ ಬಲ ಆ ಹಲ್ಲಿನ ತನಕ ಹೋಗುವ ದಾರಿ ಕೆಟ್ಟಿರುತ್ತದೆ. ಆದ್ದರಿಂದ ಹುಡುಕಾಟ ಕೋಲಿನ ಹಿಡಿಯಿಂದ ಶುರುವಾಗಿ ಕೆಳಗೆ ಇಳಿಯಬೇಕು.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ (ತಿರುಗುತ್ತ ಬಲ ಒಯ್ಯುವ ದಂಡ) ಇದೆ, ಕೇಸ್ ಮೂರು ರಬ್ಬರ್ ಮೌಂಟ್‌ಗಳ ಮೇಲೆ ಚಾಸಿಗೆ ನೇತಾಡುತ್ತದೆ. ಒಳಗೆ ಎರಡು ಶಿಫ್ಟ್ ಶಾಫ್ಟ್: ಒಂದು ಮುಂದಿನ ಚಕ್ರದ ಡ್ರೈವ್ ಸೇರಿಸುವುದಕ್ಕೆ, ಇನ್ನೊಂದು ಹೈ-ಲೋ ಬದಲಿಸುವುದಕ್ಕೆ. ಒಂದೇ ಕೋಲು ಎರಡನ್ನೂ ಸರದಿಯಲ್ಲಿ ತಳ್ಳುತ್ತದೆ. ಮುಂದಿನ ಡ್ರೈವ್ ಪೂರ್ತಿ ಸೇರುವ ತನಕ ಲೋ ಶಾಫ್ಟ್ ಅಲ್ಲಾಡದಂತೆ ನಡುವೆ ಇಂಟರ್‌ಲಾಕ್ ಇದೆ. ಹಿಂದಿನ ಆಕ್ಸಲ್ ಒಂದಕ್ಕೇ ಲೋದ ಬಲವೆಲ್ಲ ಬಿದ್ದರೆ ಶಾಫ್ಟ್ ಮುರಿದೀತು ಅನ್ನುವ ಮುಂಜಾಗ್ರತೆ. ಶಾಫ್ಟಿನ ಕಚ್ಚುಗಳಲ್ಲಿ ಸ್ಪ್ರಿಂಗ್ ಒತ್ತಿದ ಉಕ್ಕಿನ ಬಾಲ್ ಕೂರುತ್ತದೆ, ಗೇರು ಬಿದ್ದಾಗ ಕೈಗೆ ಸಿಗುವ "ಟಕ್" ಅದರದ್ದೇ. ಹೈ-ಲೋಗೆ ಸಿಂಕ್ರೊ (ಹಲ್ಲುಗಳ ವೇಗ ಹೊಂದಿಸಿ ಸೇರಿಸುವ ಭಾಗ) ಇಲ್ಲ, ಗಾಡಿ ನಿಲ್ಲಿಸದೆ ಹಾಕುವ ಹಾಗಿಲ್ಲ.

ನಿಂತಲ್ಲೇ ಮಾಡುವ ಪರೀಕ್ಷೆ

ಸಮತಟ್ಟು ಜಾಗ, ನಾಲ್ಕೂ ಚಕ್ರಕ್ಕೆ ಕಲ್ಲು. ಟ್ರಾನ್ಸ್‌ಫರ್ ನ್ಯೂಟ್ರಲ್‌ನಲ್ಲಿ ಇರುವಾಗ ಮುಖ್ಯ ಗೇರ್‌ಬಾಕ್ಸನ್ನು ಫಸ್ಟ್‌ಗೆ ಹಾಕಿಟ್ಟರೂ ಗಾಡಿ ನಿಲ್ಲುವುದಿಲ್ಲ, ಉರುಳುತ್ತದೆ. ಇದು ಮರೆತವರು ಗಾಡಿ ಕೆಳಗೆ ಮಲಗಬಾರದು.

ಎಂಜಿನ್ ಬಂದ್, ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್, ಹಬ್ ಫ್ರೀ (ಮುಂದಿನ ಚಕ್ರವನ್ನು ಅದರ ಆಕ್ಸಲಿನಿಂದ ಬಿಡಿಸಿದ್ದು). ಕೋಲು 4ಎಲ್ ಕಡೆಗೆ ಹಗುರಾಗಿ ಒತ್ತಿ ಹಿಡಿದು, ಕಲ್ಲು ಅರ್ಧ ಅಡಿ ಸರಿಸಿ ಇನ್ನೊಬ್ಬರಿಂದ ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ಅಷ್ಟಕ್ಕೇ ಜಾರಿ ಒಳಗೆ ಹೋಗುತ್ತದೆ, ರಿಪೇರಿಯೇ ಬೇಕಿಲ್ಲ. ಎಂಜಿನ್ ಬಂದ್ ಇದ್ದಾಗ ಬಿದ್ದು, ಚಾಲೂ ಇದ್ದಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಅದನ್ನು ಖಾತ್ರಿ ಮಾಡಲು: ಕ್ಲಚ್ ಒತ್ತಿ ಐದು ಎಣಿಸಿ ರಿವರ್ಸ್ ಹಾಕಿ. ಹಲ್ಲು ಕಡಿದರೆ ಕ್ಲಚ್ ಕೇಬಲ್ ನೋಡಿ. ಪೆಡಲ್ ತುದಿಯಲ್ಲಿ ಎರಡು-ಮೂರು ಸೆಂ.ಮೀ. ಸಡಿಲ ಆಟ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಕ್ಲಚ್ ಅರ್ಧವೇ ಬಿಡುತ್ತದೆ.

ಈ ಗಾಡಿಯಲ್ಲಿ ರಿವರ್ಸ್ ಸದ್ದಿಲ್ಲದೆ ಬಿತ್ತು. ಎಂಜಿನ್ ಬಂದ್ ಇದ್ದಾಗಲೂ, ಅಲ್ಲಾಡಿಸಿದಾಗಲೂ ಲೋ ಬೀಳಲಿಲ್ಲ.

ಇಲ್ಲಿ ಕೈ ಹೇಳುವುದನ್ನು ಕೇಳಬೇಕು. ಕೋಲು ನಿಲ್ಲುವುದರಲ್ಲಿ ಮೂರು ಬಗೆ. ಮೆತ್ತಗೆ, ರಬ್ಬರ್ ಒತ್ತಿದ ಹಾಗೆ ನಿಂತರೆ ಮೇಲಿನ ಬೂಟು (ಕೋಲಿನ ಬುಡ ಮುಚ್ಚುವ ರಬ್ಬರ್), ಮಣ್ಣು, ಇಲ್ಲವೇ ಮೌಂಟ್. ಕಲ್ಲಿಗೆ ತಾಗಿದಂತೆ ಗಟ್ಟಿ ನಿಂತು, ಗಾಡಿ ಅಲ್ಲಾಡಿಸಿದಾಗ ನಿಲ್ಲುವ ಜಾಗ ಬದಲಾದರೆ ಹಲ್ಲಿಗೆ ಹಲ್ಲು ಎದುರಾಗಿದೆ. ಗಟ್ಟಿಯಾಗಿ, ಯಾವಾಗಲೂ ಒಂದೇ ಜಾಗದಲ್ಲಿ ನಿಂತರೆ ಬಾಲ್, ಇಂಟರ್‌ಲಾಕ್, ಶಾಫ್ಟ್, ಫೋರ್ಕ್ (ಶಾಫ್ಟಿನ ಜೊತೆ ಸರಿದು ಗೇರು ಸೇರಿಸುವ ಕವೆ) ಇವುಗಳಲ್ಲಿ ಒಂದು. ಈ ಗಾಡಿಯದು ಮೊದಲು ಮೆತ್ತಗೆ, ಇನ್ನೂ ಒತ್ತಿದರೆ ಗಟ್ಟಿ. ಅಂದರೆ ರೋಗ ಒಂದಕ್ಕಿಂತ ಹೆಚ್ಚು. ಕರಾವಳಿಯ ಹಳೆ ಗಾಡಿಗಳಲ್ಲಿ ಬಹುಮಟ್ಟಿಗೆ ಹೀಗೆಯೇ, ಒಂದನ್ನು ಸರಿಮಾಡಿ "ಇನ್ನೂ ಬೀಳ್ತಾ ಇಲ್ಲ" ಅಂತ ಬಾಕ್ಸಿಗೆ ಕೈ ಹಾಕುವುದು ಇದರಿಂದಲೇ.

ಕೋಲಿನ ಬುಡ

ಮ್ಯಾಟ್ ತೆಗೆದು ಬೂಟಿನ ಸ್ಕ್ರೂ ಬಿಚ್ಚಿದರೆ ಕಂಡದ್ದು: ಒಳಗಿನ ರಬ್ಬರ್ ಬೂಟು ಒಂದು ಬದಿ ಹರಿದಿದೆ, ಅದರ ಮಡಿಕೆಗಳಲ್ಲಿ ಕೆಂಪು ಮಣ್ಣು ಒಣಗಿ ಇಟ್ಟಿಗೆಯಾಗಿದೆ. ಸ್ಕ್ರೂಡ್ರೈವರ್‌ನಿಂದ ಕೆದರಿದಾಗ ಹೆಂಟೆಯಾಗಿ ಎದ್ದು ಬಂತು, ಅದರೊಳಗೆ ಸೊಪ್ಪಿನ ಕಡ್ಡಿ, ಸಮುದ್ರದ ಮರಳು. ಮೆತ್ತಗೆ ನಿಲ್ಲುತ್ತಿದ್ದುದರ ಅರ್ಧ ಕಾರಣ ಇದು. ನೀರು ಬಿಡಬೇಡಿ, ಹರಿದ ಬೂಟಿನ ಮೂಲಕ ಅದು ನೇರ ಕೆಳಗೆ ಇಳಿಯುತ್ತದೆ. ಒಣ ಬ್ರಶ್, ಆಮೇಲೆ ಗಾಳಿ, ಕೊನೆಗೆ ಡೀಸೆಲ್ ಅದ್ದಿದ ಬಟ್ಟೆ.

ಕೋಲು ಹೊರತೆಗೆಯುವುದು: ಬುಡದ ಮುಚ್ಚಳವನ್ನು ಕೆಳಗೆ ಒತ್ತಿ ತಿರುಗಿಸಿದರೆ ಕೊಕ್ಕೆ ಬಿಡುತ್ತದೆ, ಕೋಲು ಮೇಲೆ ಬರುತ್ತದೆ. ಕೋಲಿನ ಬುಡದ ಗುಂಡಿನ ಸುತ್ತ ಇರುವ ಪ್ಲಾಸ್ಟಿಕ್ ಸೀಟು ಸವೆದು ಮೊಟ್ಟೆಯಾಕಾರ ಆಗಿತ್ತು. ಅಲ್ಲಿ ಒಂದೆರಡು ಮಿಲಿಮೀಟರ್ ಸವೆದರೆ ಕೋಲಿನ ತುದಿ ಕೆಳಗೆ ಅಷ್ಟು ಕಡಿಮೆ ಸರಿಯುತ್ತದೆ. ಮೇಲೆ ಕೈ ಪೂರ್ತಿ ಎಳೆದಿದ್ದರೂ ಕೆಳಗೆ ಸ್ಲೀವ್ (ಸರಿದು ಹಲ್ಲಿಗೆ ಕೂಡುವ ಬಳೆ) ಅರ್ಧ ಹಲ್ಲಿನಲ್ಲೇ ನಿಂತಿರುತ್ತದೆ. ಏರಿನಲ್ಲಿ ನ್ಯೂಟ್ರಲ್‌ಗೆ ಹಾರಿದ್ದು ಇದರಿಂದ. ಸೀಟು, ಬೂಟು ಎರಡೂ ಹೊಸದು. ಗುಂಡಿಗೆ ಗ್ರೀಸ್ ತೆಳ್ಳಗೆ, ತುಂಬಿದರೆ ಮಣ್ಣು ಹಿಡಿಯಲು ಅಂಟು ಹಚ್ಚಿದಂತೆ.

ಕೋಲು ಹೊರಗಿರುವಾಗಲೇ ಮಾಡಬೇಕಾದ ಪರೀಕ್ಷೆ ಒಂದಿದೆ, ಇಡೀ ಕೆಲಸದಲ್ಲಿ ಹೆಚ್ಚು ಸಮಯ ಉಳಿಸುವುದು ಇದೇ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಎರಡು ಶಾಫ್ಟಿನ ಕಚ್ಚು ಕಾಣುತ್ತವೆ. ದಪ್ಪ ಸ್ಕ್ರೂಡ್ರೈವರ್ ಇಟ್ಟು ಮೊದಲು ಮುಂದಿನ ಡ್ರೈವ್‌ನ ಕಚ್ಚನ್ನು ಫೋರ್‌ವೀಲ್ ಕಡೆಗೆ ತಳ್ಳಿ, ಆಮೇಲೆ ಹೈ-ಲೋ ಕಚ್ಚನ್ನು ಲೋ ಕಡೆಗೆ. ಕೈಯಿಂದ ಸಲೀಸಾಗಿ ಹೋದರೆ ತಪ್ಪು ಕೋಲಿನದು, ಕೆಲಸ ಅಲ್ಲಿಗೆ ಮುಗಿಯಿತು. ಮೊದಲನೆಯದನ್ನು ಪೂರ್ತಿ ತಳ್ಳದೆ ಎರಡನೆಯದನ್ನು ಮೀಟಿದರೆ ಇಂಟರ್‌ಲಾಕ್ ಬಿಡುವುದಿಲ್ಲ. "ಜಾಮ್ ಆಗಿದೆ" ಅಂತ ಸುತ್ತಿಗೆ ಹಿಡಿಯುವ ಮೊದಲು ಇದು ನೆನಪಿರಲಿ. ಈ ಗಾಡಿಯಲ್ಲಿ ಮುಂದಿನ ಡ್ರೈವ್‌ನ ಶಾಫ್ಟ್ ಟಕ್ಕೆಂದು ಹೋಯಿತು. ಹೈ-ಲೋ ಶಾಫ್ಟ್ ನ್ಯೂಟ್ರಲ್ ದಾಟಲಿಲ್ಲ.

ಮೌಂಟ್

ಕೆಳಗೆ ಹೋಗಿ ಮೂರೂ ಮೌಂಟ್‌ಗೆ ಸಣ್ಣ ಹಾರೆ ಕೊಟ್ಟು ಮೀಟಿ ನೋಡಿದಾಗ ಒಂದರ ರಬ್ಬರ್ ತಗಡಿನಿಂದ ಬಿಟ್ಟು ಬಾಯಿ ತೆರೆದಿತ್ತು. ಕೇಸ್ ಆ ಬದಿಗೆ ಜೋತುಬಿದ್ದರೆ ಅದರ ಜೊತೆ ಕೋಲೂ ವಾಲುತ್ತದೆ, 4ಎಲ್ ಬರುವ ಮೊದಲೇ ನೆಲದ ತಗಡಿನ ಅಂಚಿಗೆ ತಾಗುತ್ತದೆ. ಅಂಚಿನಲ್ಲಿ ಬಣ್ಣ ಸವೆದು ಹೊಳೆಯುವ ಗೀರು ಇತ್ತು, ಸಾಕ್ಷಿ ಅಷ್ಟು ಸಾಕು. ಸಂಶಯ ಇದ್ದರೆ ಕೇಸಿನ ಕೆಳಗೆ ಹಲಗೆ ತುಂಡಿಟ್ಟು ಜಾಕ್‌ನಿಂದ ಬೆರಳಷ್ಟು ಎತ್ತಿ ಲೋ ಹಾಕಿ ನೋಡಿ.

ಮೂರನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಎರಡು ಕುಗ್ಗಿದ್ದು ಆದರೆ ಕೇಸ್ ಓರೆಯಾಗಿ ಪ್ರೊಪೆಲ್ಲರ್ ನಡುಗುತ್ತದೆ. ಬೋಲ್ಟು ಎಲ್ಲವನ್ನೂ ಕೈಯಲ್ಲಿ ಹಿಡಿಸಿ, ಗಾಡಿ ಚಕ್ರದ ಮೇಲೆ ನಿಂತ ಮೇಲೆ ಬಿಗಿ ಮಾಡುವುದು.

ಆಯಿಲ್

ಯಾವತ್ತೂ ತುಂಬುವ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನದು. ಆಯಿಲ್ ಇಳಿಸಿದ ಮೇಲೆ ಮೇಲಿನ ಪ್ಲಗ್ ಬರಲೇ ಇಲ್ಲ ಅಂದರೆ ಗಾಡಿ ನಿಂತಲ್ಲೇ ನಿಂತಿತು.

ರಾತ್ರಿಯಿಡೀ ನಿಂತ ಗಾಡಿಯ ಪ್ಲಗ್ ನಿಧಾನ ಸಡಿಲಿಸಿದಾಗ ಮೊದಲು ಸುರಿದದ್ದು ನೀರು, ಹಿಂದೆಯೇ ಹಾಲು ಜಾಸ್ತಿಯಾದ ಚಹಾ ಬಣ್ಣದ ಆಯಿಲ್. ಬೆರಳಿಗೆ ಹತ್ತಿದ್ದು ನುಣ್ಣನೆಯ ಬೂದು ಅಂಟು, ಚೂರುಗಳಿಲ್ಲ. ಬೂದು ಅಂಟು ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ತುಂಡು ಬಂದಿದ್ದರೆ ಮಾತ್ರ ಬಾಕ್ಸ್ ಇಳಿಸುವ ಯೋಚನೆ.

ನೀರು ಹೋಗುವ ದಾರಿ ಹೀಗೆ: ಘಟ್ಟ ಹತ್ತಿ ಕಾದ ಕೇಸ್ ನೇರ ಹಳ್ಳಕ್ಕೆ ಇಳಿದಾಗ ಥಟ್ಟನೆ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ (ಕೇಸಿನೊಳಗೆ ಗಾಳಿ ಆಡುವ ಕಿಂಡಿ) ತೆರೆದಿದ್ದು ನೀರಿನ ಮೇಲಿದ್ದರೆ ಗಾಳಿ ಬರುತ್ತದೆ. ಮಣ್ಣು ಕಟ್ಟಿ ಮುಚ್ಚಿದ್ದರೆ ಸೀಲಿನ ತುಟಿಯಿಂದ ನೀರನ್ನೇ ಹೀರುತ್ತದೆ. ಈ ಗಾಡಿಯ ಬ್ರೀದರ್ ಪೂರ್ತಿ ಮುಚ್ಚಿತ್ತು. ಅದನ್ನು ಬಿಡಿಸಿ, ಆಯಿಲ್ ತಡೆಯುವ ರಬ್ಬರ್ ಪೈಪು ಹಾಕಿ ಎಂಜಿನ್ ಕೋಣೆಯ ಎತ್ತರದ ಜಾಗಕ್ಕೆ ಒಯ್ದು, ತುದಿ ಕೆಳಮುಖ ಮಾಡಿ ಕಟ್ಟಿದ್ದಾಯಿತು. ಪೈಪಿನಲ್ಲಿ ಎಲ್ಲೂ ಜೋಲು ಬೀಳಬಾರದು, ಅಲ್ಲಿ ನೀರು ನಿಂತರೆ ಮತ್ತೆ ಮುಚ್ಚಿದ ಹಾಗೆಯೇ.

ಬಾಲ್ ಮತ್ತು ಸ್ಪ್ರಿಂಗ್

ಈಗ ಉಳಿದದ್ದು ಗಟ್ಟಿ ನಿಲ್ಲುವ ಜಾಗ. ಕೇಸಿನ ಹೊರಮೈಯಲ್ಲಿ ಶಾಫ್ಟಿಗೊಂದರಂತೆ ಬೋಲ್ಟು, ಅದರ ಹಿಂದೆ ಸ್ಪ್ರಿಂಗ್, ಅದರ ಹಿಂದೆ ಬಾಲ್. ಕೇಸ್ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಉಪ್ಪಿನ ಪಸೆ ಸೇರಿದರೆ ಎರಡರ ನಡುವೆ ಬಿಳಿ ಪುಡಿ ಕಟ್ಟಿ ಬೆಸುಗೆ ಹಾಕಿದಂತೆ ಹಿಡಿಯುತ್ತದೆ. ಕಾರವಾರದಿಂದ ಭಟ್ಕಳದ ತನಕ ಕಡಲ ಬದಿಯ ಗಾಡಿ ಯಾವುದೇ ಇರಲಿ, ಇಲ್ಲಿ ಅವಸರ ಬೇಡ. ವೈರ್ ಬ್ರಶ್‌ನಿಂದ ತಲೆ ಸುತ್ತ ಶುಚಿ ಮಾಡಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಬೆಳಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರಾಗಿ ನಾಲ್ಕು ಏಟು, ಆಮೇಲೆ ಆರು ಮೂಲೆಯ ಸಾಕೆಟ್. ಹನ್ನೆರಡು ಮೂಲೆಯದು ತಲೆ ಜಾರಿಸುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಸಡಿಲಿಸಿ, ಅರ್ಧ ಸುತ್ತು ಬಿಚ್ಚುವ ಕಡೆಗೆ, ಕಾಲು ಸುತ್ತು ವಾಪಸ್, ಹೀಗೆ. ಅಲ್ಯೂಮಿನಿಯಂನ ತ್ರೆಡ್ ಒಮ್ಮೆ ಕಿತ್ತು ಬಂತೋ, ಒಂದು ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ.

ಮುಂದಿನ ಡ್ರೈವ್ ಕಡೆಯ ಸ್ಪ್ರಿಂಗ್, ಬಾಲ್ ಆಯಸ್ಕಾಂತಕ್ಕೆ ಸುಲಭವಾಗಿ ಬಂದವು. ಹೈ-ಲೋ ಕಡೆ ಸ್ಪ್ರಿಂಗ್ ಕಂದು ಪುಡಿ ಉದುರಿಸುತ್ತ ಬಂತು, ಬಾಲ್ ಬರಲಿಲ್ಲ. ರಂಧ್ರದಲ್ಲಿ ನಿಂತ ನೀರು ಬಾಲನ್ನು ಗೋಡೆಗೆ ತುಕ್ಕಿನಿಂದ ಹಿಡಿಸಿತ್ತು. ಮೇಲೆ ಏಳಲು ಆಗದ ಬಾಲ್ ಕಚ್ಚಿನಲ್ಲೇ ಗೂಟದಂತೆ ನಿಂತು ಶಾಫ್ಟನ್ನು ನ್ಯೂಟ್ರಲ್‌ನಲ್ಲಿ ಹಿಡಿದಿಟ್ಟದ್ದು. ಲೋ ಬೀಳದ ಮೂಲ ರೋಗ ಇಲ್ಲಿ ಸಿಕ್ಕಿತು.

ರಂಧ್ರಕ್ಕೆ ಸ್ಪ್ರೇ ತುಂಬಿ, ಮೇಲಿನಿಂದ ಇನ್ನೊಬ್ಬರು ಸ್ಕ್ರೂಡ್ರೈವರ್‌ನಿಂದ ಶಾಫ್ಟನ್ನು ಹೈ ಕಡೆಗೆ, ಲೋ ಕಡೆಗೆ ಸಣ್ಣಗೆ ಮೀಟುತ್ತಿದ್ದರೆ ಕಚ್ಚಿನ ಇಳಿಜಾರೇ ಬಾಲನ್ನು ಮೇಲೆ ತಳ್ಳುತ್ತದೆ. ಹತ್ತು ನಿಮಿಷದಲ್ಲಿ ಬಂತು. ರಂಧ್ರವನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ತಿಕ್ಕಿ ಒರೆಸಿ. ಮರಳು ಕಾಗದ ಬೇಡ, ಅದರ ಪುಡಿ ಒಳಗೆ ಬೇರಿಂಗಿಗೆ ಹೋಗುತ್ತದೆ. ಹೊಸ ಬಾಲ್ ಬಿಟ್ಟರೆ ತನ್ನ ಭಾರಕ್ಕೇ ಜಾರಿ ಕೆಳಗೆ ಹೋಗಬೇಕು; ತಳ್ಳಬೇಕಾಗಿ ಬಂದರೆ ಇನ್ನೂ ತಿಕ್ಕಿ.

ಎರಡು ಕಡೆಯ ಸ್ಪ್ರಿಂಗ್ ಅದಲು ಬದಲಾಗದಂತೆ ಬಿಚ್ಚುವಾಗಲೇ ಬೇರೆ ಬೇರೆ ಚೀಟಿ ಕಟ್ಟಿಡಿ. ಹಳೆ ಸ್ಪ್ರಿಂಗನ್ನು ಎಳೆದು ಉದ್ದ ಮಾಡುವ ಚಾಳಿ ಕೆಲವರಿಗಿದೆ, ಕೋಲು ಕಲ್ಲಾಗುತ್ತದೆ. ಕತ್ತರಿಸಿ ಗಿಡ್ಡ ಮಾಡಿದರೆ ಗೇರು ಹಾರುತ್ತದೆ. ಬೋಲ್ಟಿಗೆ ಸೀಲೆಂಟ್ ತೆಳ್ಳಗೆ ಹಚ್ಚಿ ಹಾಕಿ, ನೀರು ಮತ್ತೆ ಇಳಿಯಬಾರದು.

ಆಯಿಲ್ ತುಂಬುವ ಮೊದಲು ಒಳಗಿನ ಬಿಳಿ ಅಂಟು ಹೋಗಬೇಕು. ಅರ್ಧ ಲೀಟರ್ ಡೀಸೆಲ್ ಹಾಕಿ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ಇಳಿಸಿ. ಡೀಸೆಲ್ ಹಾಕಿಕೊಂಡು ಎಂಜಿನ್ ಚಾಲೂ ಮಾಡುವುದು ಬೇರಿಂಗಿಗೆ ಮಾಡುವ ದ್ರೋಹ. ಆಮೇಲೆ 80ಡಬ್ಲ್ಯು-90 ಗೇರ್ ಆಯಿಲ್, ಸುಮಾರು 0.8 ಲೀಟರ್, ತುಂಬುವ ರಂಧ್ರದ ಅಂಚಿಗೆ ಬರುವ ತನಕ. ಒಂದು ಲೀಟರ್ ಡಬ್ಬಿಯಲ್ಲಿ ಉಳಿದದ್ದನ್ನೂ ಸುರಿದುಬಿಡುವುದು ಬೇಡ, ಜಾಸ್ತಿಯಾದದ್ದು ಸೀಲಿನಿಂದ ಹೊರಬರುತ್ತದೆ.

ಎಣಿಸಿ ನೋಡುವುದು

ಮೇಲೆ ಕೂತವರು "ಬಿತ್ತು" ಅಂದರೆ ನಂಬಬೇಡಿ, ಎಣಿಸಿ. ಜಿಪ್ಸಿ ಕಿಂಗ್‌ನ ಟ್ರಾನ್ಸ್‌ಫರ್ ಅನುಪಾತ ಹೈನಲ್ಲಿ 1.409, ಲೋದಲ್ಲಿ 2.268. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು, ಹಬ್ ಫ್ರೀ, ಮುಖ್ಯ ಗೇರ್ ನ್ಯೂಟ್ರಲ್. ಗಿಡ್ಡ ಪ್ರೊಪೆಲ್ಲರ್ ಮೇಲೂ ಹಿಂದಿನ ಪ್ರೊಪೆಲ್ಲರ್ ಮೇಲೂ ಸೀಮೆಸುಣ್ಣದ ಗೆರೆ. ಗಿಡ್ಡದನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿದರೆ 4ಎಚ್‌ನಲ್ಲಿ ಹಿಂದಿನದು ಏಳು ಸುತ್ತು ದಾಟುತ್ತದೆ. 4ಎಲ್‌ನಲ್ಲಿ ನಾಲ್ಕೂವರೆಗೆ ಚೂರು ಕಡಿಮೆ. ನ್ಯೂಟ್ರಲ್‌ನಲ್ಲಿ ಹಿಂದಿನದು ನಿಂತಿರಬೇಕು. ಚಕ್ರ ಎಣಿಸಬೇಡಿ, ಡಿಫರೆನ್ಷಿಯಲ್ ಲೆಕ್ಕ ತಪ್ಪಿಸುತ್ತದೆ.

ಇದೇ ಹೊತ್ತಿಗೆ ಮುಂದಿನ ಪ್ರೊಪೆಲ್ಲರನ್ನೂ ನೋಡಿ. 4ಎಚ್‌ನಲ್ಲಿ ಅದು ಹಿಂದಿನದರ ಜೊತೆ ತಿರುಗದಿದ್ದರೆ ಮುಂದಿನ ಡ್ರೈವ್ ಪೂರ್ತಿ ಸೇರಿಲ್ಲ, ಹಾಗಿದ್ದರೆ ಇಂಟರ್‌ಲಾಕ್ ಲೋ ಬಿಡುವುದೂ ಇಲ್ಲ. ಲೋ ಹುಡುಕುತ್ತ ಹೋದವರಿಗೆ ರೋಗ ಫೋರ್‌ವೀಲ್‌ನಲ್ಲಿ ಸಿಗುವುದು ಹೀಗೆ.

ಈ ಗಾಡಿಯಲ್ಲಿ ಲೆಕ್ಕ ಸರಿ ಬಂತು. ಬಾರದಿದ್ದರೆ ಮಾತ್ರ ಇಳಿಸುವ ಸರದಿ: ಮೂರೂ ಪ್ರೊಪೆಲ್ಲರ್‌ನ ಫ್ಲ್ಯಾಂಜಿಗೆ ಬಣ್ಣದ ಗುರುತು, ಸ್ಪೀಡೊಮೀಟರ್ ಕೇಬಲ್, ಫೋರ್‌ವೀಲ್ ದೀಪದ ವೈರ್, ಕೊನೆಗೆ ಮೌಂಟ್. ಒಳಗೆ ಫೋರ್ಕಿನ ತುದಿ, ಸೊಟ್ಟ ಶಾಫ್ಟ್, ಸ್ಲೀವ್ ಹಲ್ಲಿನ ಮೊಂಡು ಮೂತಿ ನೋಡುವುದು. ಹಲ್ಲಿನ ಮೂತಿ ಮೊಂಡಾಗಿದ್ದರೆ ಅದು ಗಾಡಿ ಉರುಳುತ್ತಿರುವಾಗಲೇ ಲೋ ಹಾಕಿದವರ ಕೈಕೆಲಸ.

ಬೇರೆ ಗಾಡಿಗಳಲ್ಲಿ

ಎರಡು ಕೋಲಿನ ಹಳೆ ಮಹೀಂದ್ರ ಜೀಪು ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಇನ್ನೂ ದುಡಿಯುತ್ತಿವೆ. ಅದರಲ್ಲೂ ಫ್ರಂಟ್ ಕೋಲು ಹಾಕದೆ ಲೋ ಕೋಲು ಬರುವುದಿಲ್ಲ, ಎರಡು ಶಾಫ್ಟಿನ ನಡುವೆ ಇಂಟರ್‌ಲಾಕ್ ಪಿನ್ ಇದೆ. ಅಲ್ಲಿ ಹೆಚ್ಚಾಗಿ ಕೆಡುವುದು ಎರಡೂ ಕೋಲು ಕೂರುವ ಒಂದೇ ಅಡ್ಡ ಪಿನ್: ತುಕ್ಕು ಹಿಡಿದು ಒಂದು ಕೋಲು ಎಳೆದರೆ ಇನ್ನೊಂದೂ ಜೊತೆಗೆ ಬರುತ್ತದೆ. ಪಿನ್ ಹೊಡೆದು ತೆಗೆದು, ಒರೆಸಿ, ಗ್ರೀಸ್ ಹಾಕಿದರೆ ಅರ್ಧ ಜೀಪು ಅಲ್ಲೇ ಗುಣವಾಗುತ್ತವೆ.

ಗುಂಡಿ ತಿರುಗಿಸಿ ಲೋ ಹಾಕುವ ಗಾಡಿಯಲ್ಲಿ ಕೋಲಿನ ಬದಲು ಮೋಟರ್. ಗಾಡಿ ನಿಂತಿರಬೇಕು, ಗೇರ್ ನ್ಯೂಟ್ರಲ್, ಕ್ಲಚ್ ಒತ್ತಿರಬೇಕು. ಕ್ಲಚ್ ಸ್ವಿಚ್ ಸತ್ತಿದ್ದರೆ ಕಂಪ್ಯೂಟರಿಗೆ ಕ್ಲಚ್ ಒತ್ತಿದ್ದೇ ಗೊತ್ತಾಗುವುದಿಲ್ಲ. ಗುಂಡಿ ತಿರುಗಿಸಿ ಕೆಳಗೆ ಕಿವಿಗೊಡಿ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್. ಕಡಲ ಬದಿಯಲ್ಲಿ ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು ಖಾಯಂ. ಮೋಟರ್ ಗುರ್ ಎಂದು ದೀಪ ಮಿನುಗುತ್ತಲೇ ಇದ್ದರೆ ಮೋಟರ್ ಬಿಚ್ಚಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ: ತಿರುಗಿದರೆ ತಪ್ಪು ಮೋಟರಿನದು, ಇಲ್ಲವಾದರೆ ಕೇಸಿನದು.

ಓಡಿಸಿ ನೋಡಿದ್ದು

ಹಬ್ ಲಾಕ್ ಮಾಡಿ ಮಣ್ಣಿನ ರಸ್ತೆಯಲ್ಲಿ ಮಾತ್ರ. ಡಾಂಬರಿನ ಮೇಲೆ 4ಎಲ್‌ನಲ್ಲಿ ತಿರುವು ತೆಗೆದರೆ ಹಿಂದೆ ಮುಂದಿನ ಶಾಫ್ಟು ತಿರುಚಿಕೊಂಡು ಕೋಲು ವಾಪಸ್ ಬರುವುದಿಲ್ಲ. ಹಾಗಾದರೆ ನಾಲ್ಕಡಿ ರಿವರ್ಸ್ ಬಂದು ಮತ್ತೆ ಎಳೆಯಿರಿ. ಹಬ್ ಫ್ರೀ ಇಟ್ಟು ಲೋ ಹಾಕಿದರೆ ಗೇರು ಬೀಳುತ್ತದೆ, ದೀಪವೂ ಹತ್ತುತ್ತದೆ, ಎಳೆಯುವುದು ಹಿಂದಿನ ಚಕ್ರ ಮಾತ್ರ. ಏರಿನಲ್ಲಿ ಫಸ್ಟ್‌ನಲ್ಲಿ, ಕೋಲು ಮುಟ್ಟದೆ, ಆಕ್ಸಿಲರೇಟರ್ ಒತ್ತಿ ಥಟ್ಟನೆ ಬಿಡುವುದು ಹತ್ತು ಸಲ. ಇಳಿಜಾರಿನಲ್ಲೂ ಹಾಗೆಯೇ, ರಿವರ್ಸ್‌ನಲ್ಲೂ ಹಾಗೆಯೇ. ಗೇರು ಹಾರಲಿಲ್ಲ.

ಇನ್ನು ತಿಂಗಳಿಗೊಮ್ಮೆ ಮಣ್ಣಿನಲ್ಲಿ ಇನ್ನೂರು ಮೀಟರ್ ಲೋದಲ್ಲಿ ಓಡಿಸಬೇಕು. ಆರು ತಿಂಗಳು ಅಲ್ಲಾಡದ ಬಾಲ್ ಇದ್ದಲ್ಲೇ ತುಕ್ಕು ಹಿಡಿಯುತ್ತದೆ.

500 ಕಿ.ಮೀ. ಆದ ಮೇಲೆ ತುಂಬುವ ಪ್ಲಗ್ ತೆಗೆದು ಕಿರುಬೆರಳು ಅದ್ದಿ ನೋಡಿದಾಗ ಆಯಿಲ್ ಒಳಗೆ ಉಳಿದಿದ್ದ ಅಂಟಿನಿಂದ ಸ್ವಲ್ಪ ಮಬ್ಬಾಗಿತ್ತು, ನೀರಿರಲಿಲ್ಲ. ಅದನ್ನೂ ಇಳಿಸಿ ಮತ್ತೆ 0.8 ಲೀಟರ್ ಹೊಸದು ಹಾಕಿದ್ದಾಯಿತು. ಮುಂದಿನ ಸಲ ಮಬ್ಬು ಕಂಡರೆ ಬ್ರೀದರ್ ಬಿಟ್ಟು ಹಿಂದಿನ ಫ್ಲ್ಯಾಂಜಿನ ಸೀಲ್ ಬದಲಿಸುವುದು.